ಆ ಗಂಡಸಿನ ಕೈಯಲ್ಲಿ ಏನಿದೆ? ಅಮೆರಿಕದ ದುಡಿಯುವವರ ಕತೆಗಳನ್ನು ಓದಿಸಿದವರ ಅನುಭವ

ಕೇಳಿದ್ದು: ವಾರಕ್ಕೊಂದು ಸಂಜೆ ಹತ್ತು ಹನ್ನೆರಡು ಜನ ಕೂತು ಕತೆ ಓದುತ್ತೇವೆ. ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹುಡುಗರು. ಅಮೆರಿಕದ ದುಡಿಯುವ ವರ್ಗದ ಸಣ್ಣಕತೆಗಳಲ್ಲಿ ಗಂಡಸುತನದ ಕಲ್ಪನೆ ಹೇಗೆ ಬದಲಾಗುತ್ತಾ ಬಂತು ಅನ್ನುವುದನ್ನು ನಾಲ್ಕು ವಾರ ನೋಡೋಣ ಅಂತ ಹೊರಟೆ. ಮೊದಲ ವಾರವೇ ಎಡವಿದೆ. ನನ್ನ ಪೀಠಿಕೆಯೇ ಮುಕ್ಕಾಲು ಗಂಟೆ ತಿಂತು. ಕತೆಗೆ ಬಂದರೆ "ಇದ್ರಲ್ಲಿ ಏನೂ ನಡೆಯೋದೇ ಇಲ್ವಲ್ಲ ಸರ್" ಅಂದರು. ಓದಿಸಿ ಅನುಭವ ಇರುವವರು ಎಲ್ಲಿಂದ ಶುರು ಮಾಡಿದಿರಿ, ಹೇಳಿ.

ಪದವಿ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು:

ಮೊದಲು ಪೀಠಿಕೆಗೆ ಕೈಮುಗಿದು ಕಳಿಸಿಬಿಡಿ. ನಾನೂ ಬೋರ್ಡಿನ ಮೇಲೆ ದೊಡ್ಡ ದೊಡ್ಡ ಪದ ಬರೆದು ಎರಡು ವರ್ಷ ಹಾಳು ಮಾಡಿದವನೇ. ಆಮೇಲೆ ಒಂದೇ ಪ್ರಶ್ನೆ ಇಟ್ಟುಕೊಂಡೆ: ಈ ಕತೆಯ ಗಂಡಸಿನ ಕೈಯಲ್ಲಿ ಏನಿದೆ?

ಶುರು ಮಾಡೋದಾದರೆ ರಿಚರ್ಡ್ ರೈಟ್ ಅವರ 'ದ ಮ್ಯಾನ್ ಹೂ ವಾಸ್ ಆಲ್ಮೋಸ್ಟ್ ಎ ಮ್ಯಾನ್'. 1940ರಲ್ಲಿ ಮೊದಲು ಅಚ್ಚಾದ ಕತೆ, 1961ರ 'ಎಯ್ಟ್ ಮೆನ್' ಸಂಕಲನದಲ್ಲಿದೆ. ದಕ್ಷಿಣದ ಹೊಲಗಳಲ್ಲಿ ಕೂಲಿ ಮಾಡುವ ಕಪ್ಪು ಹುಡುಗ ಡೇವ್‌ಗೆ ಹದಿನೇಳು ವರ್ಷ. ಕೈಯಲ್ಲೊಂದು ಗನ್ ಇದ್ದರೆ ಯಾರೂ ತನ್ನನ್ನು ಹುಡುಗ ಅನ್ನಲ್ಲ ಅನ್ನುವುದು ಅವನ ಲೆಕ್ಕ. ಅಮ್ಮನನ್ನು ಕಾಡಿ ಬೇಡಿ ಎರಡು ಡಾಲರ್ ಇಸಕೊಳ್ಳುತ್ತಾನೆ. ಅವಳು ಸ್ಟಾಕಿಂಗ್ಸ್ ಒಳಗಿಂದ ನೋಟು ತೆಗೆದುಕೊಡುವ ಸಾಲನ್ನು ಗಟ್ಟಿಯಾಗಿ ಓದಿಸಿ; ನಮ್ಮ ಹುಡುಗರಿಗೆ ಸೆರಗಿನ ಗಂಟು ನೆನಪಾಗುತ್ತದೆ, ವಿವರಣೆ ಬೇಕಾಗಲ್ಲ. ಮೊದಲ ಗುಂಡಿಗೇ ಯಜಮಾನನ ಹೇಸರಗತ್ತೆ ಜೆನ್ನಿಗೆ ಏಟು. ರಕ್ತ ಹರಿಯುವ ತೂತಿಗೆ ಡೇವ್ ಒದ್ದೆ ಕರಿಮಣ್ಣು ಬಾಚಿ ಬಾಚಿ ಮೆತ್ತುತ್ತಾನೆ. ಅಲ್ಲಿಗೆ ನಿಲ್ಲಿಸಿ ಕೇಳಿ: ಈಗ ಕೈಯಲ್ಲೇನಿದೆ?

ಹೇಸರಗತ್ತೆಯ ಬೆಲೆ 50 ಡಾಲರ್, ತಿಂಗಳಿಗೆ 2 ಡಾಲರ್ ಕಟ್ಟಬೇಕು. 25 ತಿಂಗಳು. ನನ್ನ ತರಗತಿಯಲ್ಲಿ ಹಿಂದಿನ ಬೆಂಚಿನಿಂದ ಒಬ್ಬ "ಜೀತ ಸರ್ ಇದು" ಅಂದ. ಗಂಡಸಾಗಲು ಹೋದವನು ಜೀತಕ್ಕೆ ಬಿದ್ದ ಕತೆ. ನಾನು ಅದಕ್ಕಿಂತ ಚೆನ್ನಾಗಿ ಹೇಳಿರಲಿಲ್ಲ. ಕೊನೆಗೆ ಹುಡುಗ ಗನ್ ಜೇಬಿನಲ್ಲಿಟ್ಟುಕೊಂಡೇ ರೈಲು ಹತ್ತಿಬಿಡುತ್ತಾನೆ. ಗಂಡಸಾದನೋ ಇಲ್ಲವೋ, ಆ ಜಗಳ ಆಡಲಿ ಬಿಡಿ.

ಎರಡನೇ ವಾರಕ್ಕೆ ಬಾಬಿ ಆನ್ ಮೇಸನ್ ಅವರ 'ಶಿಲೋ'. ಕೆಂಟಕಿಯ ಲಾರಿ ಡ್ರೈವರ್ ಲೆರಾಯ್ ಅಪಘಾತದಲ್ಲಿ ಕಾಲು ಕೆಟ್ಟು ಮನೆ ಸೇರಿದ್ದಾನೆ, ಲಾರಿ ಹಿತ್ತಲಲ್ಲಿ ನಿಂತಿದೆ. ಹೆಂಡತಿ ಭಾರ ಎತ್ತಿ ತೋಳು ಗಟ್ಟಿ ಮಾಡಿಕೊಳ್ಳುತ್ತಿದ್ದಾಳೆ. ಅವನು ಐಸ್‌ಕ್ಯಾಂಡಿ ಕಡ್ಡಿ ಜೋಡಿಸಿ ಪುಟ್ಟ ಮನೆ ಕಟ್ಟುತ್ತಾನೆ, ಕಸೂತಿ ಹಾಕುತ್ತಾನೆ. ಅದು ಹೆಂಗಸರ ಕೆಲಸ ಅಂತ ಅತ್ತೆ ಚುಚ್ಚಿದರೆ, ಟಿವಿಯಲ್ಲಿ ಬರುವ ದೊಡ್ಡ ದೊಡ್ಡ ಫುಟ್‌ಬಾಲ್ ಆಟಗಾರರೂ ಮಾಡ್ತಾರೆ ಅನ್ನುತ್ತಾನೆ ಪಾಪ. ಹುಡುಗರು ನಗುತ್ತಾರೆ, ನಗಲಿ. ಈ ಕತೆ ಲೆರಾಯ್‌ನನ್ನು ಗೇಲಿ ಮಾಡಲ್ಲ ಅನ್ನುವುದು ಅವರಿಗೆ ಹೊಳೆಯಲು ಎರಡನೇ ಓದು ಬೇಕು.

ಓಹಾಯೋದಲ್ಲಿ ಹನ್ನೆರಡು ವರ್ಷದಿಂದ ಇರುವವರು:

ಮೇಷ್ಟ್ರ ಪ್ರಶ್ನೆ ಚೆನ್ನಾಗಿದೆ, ಆದರೆ ಅವರು ಹೇಳಿದ ಕ್ರಮದಲ್ಲೇ ನಿಲ್ಲಿಸಿದರೆ ಗನ್ನಿನಿಂದ ಕಸೂತಿಗೆ ಬಂದರು, ಗಂಡಸರು ಸುಧಾರಿಸಿದರು ಅಂತ ಹುಡುಗರು ಬರೆದುಕೊಳ್ಳುತ್ತಾರೆ. ಹಾಗಿಲ್ಲ. ಇಲ್ಲಿಯ ಚಿಲಿಕಾಥಿಯ ಕಾಗದ ಕಾರ್ಖಾನೆಯಲ್ಲಿ 30 ವರ್ಷಕ್ಕೂ ಹೆಚ್ಚು ದುಡಿದ ಡೊನಾಲ್ಡ್ ರೇ ಪೊಲಾಕ್ 2008ರಲ್ಲಿ 'ನಾಕೆಮ್‌ಸ್ಟಿಫ್' ತಂದರು. ಅದರ ಮೊದಲ ಕತೆಯಲ್ಲಿ ಏಳು ವರ್ಷದ ಮಗನಿಗೆ ಅಪ್ಪ ಕಲಿಸುವುದು ಹೊಡೆಯುವುದನ್ನು. ಮಗ ಇನ್ನೊಬ್ಬ ಹುಡುಗನಿಗೆ ಬಾರಿಸಿದಾಗಲೇ ಅಪ್ಪನ ಬಾಯಲ್ಲಿ ಮೆಚ್ಚುಗೆ ಬರುವುದು. ರಾತ್ರಿ ಹಾಸಿಗೆಯಲ್ಲಿ ಮಗ ಗೆಣ್ಣಿನ ಮೇಲಿನ ರಕ್ತ ನೆಕ್ಕುತ್ತಾ ಮಲಗಿರುತ್ತಾನೆ. ರೈಟ್ ಬರೆದು ಅರವತ್ತೆಂಟು ವರ್ಷ ಕಳೆದಿದೆ, ಕೈ ಮತ್ತೆ ಖಾಲಿ, ಬರೀ ಮುಷ್ಟಿ.

ಯಾಕೆ ಅನ್ನುವುದಕ್ಕೆ ಒಂದು ಅಂಕಿ ಸಾಕು. 1979ರಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಸುಮಾರು 1.95 ಕೋಟಿ ಕೆಲಸಗಳಿದ್ದವು. 2010ರ ಹೊತ್ತಿಗೆ 1.15 ಕೋಟಿ ಆಸುಪಾಸು. ನನಗೆ ಇದು ಪುಸ್ತಕದಿಂದ ತಿಳಿದದ್ದಲ್ಲ. ನಮ್ಮೂರಿನ ಕಾರ್ಖಾನೆ ನಿಂತ ಮೇಲೂ ನಮ್ಮಪ್ಪ ಐದೂವರೆಗೆ ಎದ್ದು ಬೂಟಿಗೆ ಪಾಲಿಶ್ ಹಾಕುತ್ತಿದ್ದರು. ಪಾಲಿಶ್ ಆದ ಬೂಟನ್ನು ಜಗಲಿಯ ಮೇಲಿಟ್ಟು ಪೇಪರ್ ಓದುತ್ತಾ ಕೂರುತ್ತಿದ್ದರು.

ಆನ್ನಿ ಪ್ರೂ ಅವರ 'ಬ್ರೋಕ್‌ಬ್ಯಾಕ್ ಮೌಂಟನ್' ಕೂಡ ಸೇರಿಸಿ, 1997ರದ್ದು. ಕುರಿ ಕಾಯಲು ಹೋಗಿ ಒಬ್ಬರನ್ನೊಬ್ಬರು ಪ್ರೀತಿಸಿದ ಇಬ್ಬರು ಗಂಡಸರ ಕತೆ. ಕೊನೆಗೆ ಉಳಿಯುವುದು ಒಂದರೊಳಗೊಂದು ಸೇರಿಸಿಟ್ಟ ಅವರ ಎರಡು ಅಂಗಿ. ಹೆಚ್ಚು ಹೇಳಲ್ಲ.

ಅನುವಾದ ಮಾಡುವವರೊಬ್ಬರು:

ಸಾಮಿಲ್ ಕಾರ್ಮಿಕನ ಮಗ, ಕತೆಗಾರ ರೇಮಂಡ್ ಕಾರ್ವರ್ ಇಲ್ಲದೆ ಪಟ್ಟಿ ಮುಗಿಯಿತೇ! ಆದರೆ ಒಂದು ಎಚ್ಚರಿಕೆ. ಅವರ ಕತೆಗಳ ಗಂಡಸರು ಬಾಯಿಬಿಡಲ್ಲ ಅಂತ ಎಲ್ಲರೂ ಹೇಳುತ್ತಾರಲ್ಲ, ಆ ಮೌನದಲ್ಲಿ ಒಂದು ಪಾಲು ಸಂಪಾದಕ ಗಾರ್ಡನ್ ಲಿಶ್ ಅವರ ಕತ್ತರಿಯದು. 1981ರ ಸಂಕಲನದ ಕೆಲವು ಕತೆಗಳು ಅರ್ಧಕ್ಕಿಂತ ಹೆಚ್ಚು ಕತ್ತರಿಸಿಕೊಂಡವು. ಮೂಲರೂಪಗಳು 2009ರಲ್ಲಿ 'ಬಿಗಿನರ್ಸ್' ಆಗಿ ಬಂದವು. ಮಗು ಆಸ್ಪತ್ರೆಯಲ್ಲಿರುವಾಗ ಹುಟ್ಟುಹಬ್ಬದ ಕೇಕಿನ ವಿಷಯಕ್ಕೆ ಫೋನ್ ಮಾಡಿ ಕಾಡುವ ಬೇಕರಿಯವನ ಕತೆ 'ದ ಬಾತ್'ನಲ್ಲಿ ಫೋನಿಗೇ ನಿಂತುಹೋಗುತ್ತದೆ. ಅದೇ ಕತೆ 'ಎ ಸ್ಮಾಲ್, ಗುಡ್ ಥಿಂಗ್' ಆದಾಗ ಅದೇ ಬೇಕರಿಯವ, ಮಗನನ್ನು ಕಳೆದುಕೊಂಡ ಗಂಡ ಹೆಂಡತಿಯನ್ನು ಕೂರಿಸಿ ಬಿಸಿ ಬನ್ನು ತಿನ್ನಿಸಿ ತನ್ನ ಒಂಟಿತನ ಹೇಳಿಕೊಳ್ಳುತ್ತಾನೆ. ಎರಡನ್ನೂ ಪ್ರಿಂಟ್ ತೆಗೆದು ಅಕ್ಕಪಕ್ಕ ಇಡಿ.

ಕಾರ್ವರ್ ಅವರದೇ 'ಕೆಥೀಡ್ರಲ್' ಓದಿಸಿದಾಗ ನನಗೆ ಆದದ್ದು ಹೇಳುತ್ತೇನೆ. ಹೆಂಡತಿಯ ಹಳೆಯ ಸ್ನೇಹಿತ, ಕುರುಡ, ಮನೆಗೆ ಬರುತ್ತಾನೆ, ಗಂಡನಿಗೆ ಹೊಟ್ಟೆಕಿಚ್ಚು. ಕೊನೆಗೆ ಟಿವಿಯಲ್ಲಿ ಕಂಡ ಚರ್ಚನ್ನು ಅತಿಥಿಗೆ ಬಾಯಲ್ಲಿ ಹೇಳಲಾಗದೆ, ಅಂಗಡಿಯ ಕಾಗದದ ಚೀಲದಿಂದ ಈರುಳ್ಳಿ ಸಿಪ್ಪೆ ಕೊಡವಿ, ಅದರ ಮೇಲೆ ಬಿಡಿಸುತ್ತಾನೆ. ಕುರುಡನ ಕೈ ಇವನ ಕೈ ಮೇಲೆ. ನಾನು ಗಂಟಲು ಕಟ್ಟಿಕೊಂಡು ಓದಿದೆ, ಹುಡುಗರು ಸುಮ್ಮನೆ ನೋಡಿದರು. ಅವರಿಗೆ ಅದು ವಿಶೇಷ ಅನ್ನಿಸಲೇ ಇಲ್ಲ. ಇಲ್ಲಿ ಗೆಳೆಯರು ಕೈ ಹಿಡಿದುಕೊಂಡೇ ಪೇಟೆ ಸುತ್ತುತ್ತಾರೆ!

ಹಾಗಾದರೆ ಈ ಮನುಷ್ಯ ಹೆಂಡತಿಯ ಕಡೆಗೆ ಕೈಚಾಚಿದ್ದು ಎಲ್ಲಿದೆ ಹುಡುಕಿ ಅಂದೆ. ಹತ್ತು ನಿಮಿಷ ಹಾಳೆ ತಿರುವಿದರು. ಅವರಿಗೆ ಸಿಕ್ಕಿದ್ದು ಇಷ್ಟು: ಪಕ್ಕದಲ್ಲಿ ನಿದ್ದೆಹೋದ ಹೆಂಡತಿಯ ತೊಡೆಯ ಮೇಲಿಂದ ಜಾರಿದ ಗೌನನ್ನು ಸರಿಮಾಡಲು ಹೋಗುತ್ತಾನೆ, ಬಂದವನು ಕುರುಡನಲ್ಲವೇ ಅಂತ ನೆನಪಾಗಿ ಮತ್ತೆ ಹಾಗೇ ಬಿಡುತ್ತಾನೆ.