ಆಫೀಸರ್ ಪ್ರಮೋಷನ್‌ಗೆ ಅರ್ಜಿ ಹಾಕಲೋ ಬೇಡವೋ? ಬ್ಯಾಂಕ್ ಕೆಲಸದಲ್ಲಿರುವ ಅಕ್ಕಂದಿರು ಹೇಳಿ

ದಾವಣಗೆರೆಯಿಂದ ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಸರ್ಕಾರಿ ಬ್ಯಾಂಕಿನಲ್ಲಿ ಕ್ಲರ್ಕ್ ಆಗಿದ್ದೇನೆ, ಕ್ಯಾಶ್ ಕೌಂಟರ್ ನನ್ನದು. ಆಫೀಸರ್ ಪ್ರಮೋಷನ್‌ಗೆ ಅರ್ಜಿ ಕರೆದಿದ್ದಾರೆ, ಅರ್ಹತೆಯೂ ಇದೆ. ಆದರೆ ಮಗಳು ಇನ್ನೂ ಎರಡನೇ ಕ್ಲಾಸು, ದೂರ ಟ್ರಾನ್ಸ್‌ಫರ್ ಆದರೆ ಏನು ಮಾಡೋದು? ಇನ್ನೊಂದು, ಕೌಂಟರಿನಲ್ಲಿ ಎಷ್ಟು ಜನ ಬಂದರೂ ನಿಭಾಯಿಸುತ್ತೇನೆ, ಮೀಟಿಂಗಿನಲ್ಲಿ ಮಾತ್ರ ಬಾಯಿ ಕಟ್ಟಿಹೋಗುತ್ತೆ. ಇಂಟರ್‌ವ್ಯೂ ನೆನೆಸಿಕೊಂಡರೇ ಕೈ ತಣ್ಣಗಾಗುತ್ತೆ. ಇದನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ಹಾಸನದಿಂದ, ಬ್ರಾಂಚ್ ಮ್ಯಾನೇಜರ್:
ಮೊದಲು ನಿಮ್ಮ ಬ್ಯಾಂಕಿನ ಪ್ರಮೋಷನ್ ಸರ್ಕ್ಯುಲರನ್ನು ಪೂರ್ತಿ ಓದಿ. ಅವರಿವರು ಹೇಳಿದ್ದನ್ನು ನಂಬಬೇಡಿ. ಆಯ್ಕೆಯಾದ ಮೇಲೆ ಬೇಡ ಅಂದರೆ ಏನಾಗುತ್ತೆ ಅನ್ನೋದು ಒಂದೊಂದು ಬ್ಯಾಂಕಿನಲ್ಲಿ ಒಂದೊಂದು ಥರ. ಟ್ರಾನ್ಸ್‌ಫರ್ ವಿಷಯಕ್ಕೆ ಬಂದರೆ, 2014ರಲ್ಲೇ ಕೇಂದ್ರ ಹಣಕಾಸು ಸಚಿವಾಲಯ ಸರ್ಕಾರಿ ಬ್ಯಾಂಕುಗಳಿಗೆ ಸೂಚನೆ ಕೊಟ್ಟಿದೆ. ಮದುವೆಯಾದ ಹೆಣ್ಣುಮಕ್ಕಳನ್ನು ಆದಷ್ಟು ಗಂಡ ಇರುವ ಊರಿಗೆ ಅಥವಾ ಅದರ ಹತ್ತಿರಕ್ಕೆ, ಮದುವೆಯಾಗದವರನ್ನು ಅಪ್ಪ ಅಮ್ಮ ಇರುವ ಕಡೆಗೆ ಹಾಕಬೇಕು ಅಂತ. ಅದು ತಾನಾಗೇ ಬರಲ್ಲ, ಕೇಳಬೇಕು. ಪೋಸ್ಟಿಂಗ್ ಪಟ್ಟಿ ಬರುವ ಮೊದಲೇ, ಯಜಮಾನರ ಕೆಲಸದ ದಾಖಲೆ ಸಮೇತ ಬರೆದುಕೊಡಿ. ಬಾಯಿಮಾತು ಫೈಲಿಗೆ ಹೋಗಲ್ಲ.

ನನಗೆ ಮೊದಲು ಸಿಕ್ಕಿದ್ದು ಅರಸೀಕೆರೆ ಕಡೆಯ ಒಂದು ಹಳ್ಳಿ ಬ್ರಾಂಚ್. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ಕಷ್ಟವಾಯಿತು, ಸುಳ್ಳು ಹೇಳಲ್ಲ. ಆದರೆ ಸಾಲದ ಕೆಲಸ ಕಲಿತಿದ್ದು ಅಲ್ಲೇ. ಪಹಣಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟುಕೊಂಡು ಬಂದ ಅಜ್ಜಿಯೊಬ್ಬರ ಜೊತೆ ಅವರ ತೆಂಗಿನ ತೋಟದ ತನಕ ನಡೆದು, ಬೋರ್‌ವೆಲ್ ನೋಡಿ, ಎಷ್ಟು ಸಾಲ ಕೊಟ್ಟರೆ ಅವರು ತೀರಿಸಬಲ್ಲರು ಅಂತ ನಾನೇ ಲೆಕ್ಕ ಹಾಕಿ ಬರೆದ ವರದಿಗೆ ಮೇಲಿನವರು ಮರುಮಾತಿಲ್ಲದೆ ಸಹಿ ಹಾಕಿದರು ನೋಡಿ, ಆಮೇಲೆ ಮೀಟಿಂಗಿನಲ್ಲಿ ನನ್ನ ದನಿ ನಡುಗಲಿಲ್ಲ. ಧೈರ್ಯ ಬಂದ ಮೇಲೆ ಅರ್ಜಿ ಹಾಕುತ್ತೇನೆ ಅಂತ ಕಾಯಬೇಡಿ ತಂಗಿ. ಕೆಲಸ ಗೊತ್ತಾಗ್ತಾ ಗೊತ್ತಾಗ್ತಾ ಅದು ಬರುತ್ತೆ.

ಹುಬ್ಬಳ್ಳಿಯಿಂದ:
ಇಂಟರ್‌ವ್ಯೂ ಬಗ್ಗೆ ನಾನು ಹೇಳುತ್ತೇನೆ. ನಾನು ಓದಿದ್ದು ಕನ್ನಡ ಮೀಡಿಯಂ, ಹೆದರಿಕೆ ನಿಮಗಿಂತ ಜಾಸ್ತಿ ಇತ್ತು. ಅವರು ಕೇಳೋದು ನಾವು ದಿನಾ ಮಾಡುವ ಕೆಲಸದ ಸುತ್ತಮುತ್ತಲೇ. ಕಂತು 90 ದಿನ ದಾಟಿ ಬಾಕಿ ಉಳಿದರೆ ಸಾಲ ಎನ್‌ಪಿಎ (ವಸೂಲಾಗದೆ ನಿಂತ ಸಾಲ) ಆಗುತ್ತೆ, ಆದರೆ ಕಡಿಮೆ ಅವಧಿಯ ಬೆಳೆ ಸಾಲಕ್ಕೆ ಎರಡು ಹಂಗಾಮು ನೋಡುತ್ತಾರೆ, ಯಾಕೆ? ಬ್ಯಾಂಕಿನ ಒಟ್ಟು ಸಾಲದಲ್ಲಿ ಶೇ. 40 ಆದ್ಯತಾ ವಲಯಕ್ಕೆ (ಕೃಷಿ, ಸಣ್ಣ ಉದ್ಯಮದಂಥವು), ಆ 40ರಲ್ಲಿ 18 ಕೃಷಿಗೇ ಯಾಕೆ ಕೊಡಬೇಕು? ಇಂಥವು. ಸುಮ್ನೆ ಉರು ಹೊಡೆಯಬೇಡಿ. ಅಡುಗೆ ಮಾಡುವಾಗ ಜೋರಾಗಿ ಉತ್ತರ ಹೇಳಿ ನೋಡಿ, ಎಲ್ಲಿ ತಡವರಿಸುತ್ತೀರೋ ಅಲ್ಲೇ ಓದೋದು ಬಾಕಿ ಇದೆ. ಇಂಗ್ಲಿಷ್ ಸಣ್ಣ ಸಣ್ಣ ವಾಕ್ಯದಲ್ಲಿದ್ದರೆ ಸಾಕು.

ಉಡುಪಿಯಿಂದ:
ನಾನು ಪ್ರಮೋಷನ್ ಬೇಡ ಅಂದವಳು. ಅತ್ತೆ ಹಾಸಿಗೆ ಹಿಡಿದಿದ್ದರು, ಅವರನ್ನು ನಾನೇ ನೋಡಿಕೊಳ್ಳಬೇಕು ಅನಿಸಿತು. ಅದಕ್ಕೆ ಬೇಜಾರಿಲ್ಲ. ಆದರೆ ಬೇಡ ಅಂದಮಾತ್ರಕ್ಕೆ ಕ್ಯಾಶ್ ಕೌಂಟರಿನಲ್ಲೇ ಕೂತುಬಿಡಬೇಕು ಅಂತಿಲ್ಲ. ಬ್ಯಾಂಕ್ ನೌಕರರಿಗೆ ಇರುವ ಜೆಎಐಐಬಿ ಪರೀಕ್ಷೆ ಕಟ್ಟಿ ಪಾಸ್ ಮಾಡಿದೆ, ಇನ್‌ಕ್ರಿಮೆಂಟ್ ಸಿಕ್ಕಿತು. ಈಗ ಅದಕ್ಕೆ ನಾಲ್ಕು ಪೇಪರ್, ಒಂದೊಂದರಲ್ಲಿ ನೂರಕ್ಕೆ 50 ಬಂದರೆ ಪಾಸ್. ಆಮೇಲೆ ಮ್ಯಾನೇಜರ್ ಹತ್ತಿರ ಕೇಳಿಕೊಂಡು ಸ್ವಸಹಾಯ ಸಂಘಗಳ ಸಾಲದ ಕೆಲಸ ತೆಗೆದುಕೊಂಡೆ. ಆ ಸಂಘಗಳ ಹೆಂಗಸರು ಬ್ಯಾಂಕಿಗೆ ಬಂದರೆ ಈಗ ನನ್ನನ್ನೇ ಹುಡುಕುತ್ತಾರೆ. ಮಗಳು ಚಿಕ್ಕವಳು ಅಂತ ಈಗ ಬೇಡ ಅನಿಸಿದರೆ ಅದೂ ನಿಮ್ಮದೇ ತೀರ್ಮಾನ, ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ. ಆದರೆ ಕಲಿಯೋದನ್ನು ನಿಲ್ಲಿಸಬೇಡಿ.

ಬೆಂಗಳೂರಿನಿಂದ:
ಮೀಟಿಂಗಿಗೆ ಹೋಗುವಾಗ ನಿಮ್ಮ ಕೌಂಟರಿನ ಒಂದೇ ಒಂದು ವಿಷಯ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಪಿಂಚಣಿಯವರು ತಿಂಗಳ ಮೊದಲ ವಾರ ಎಷ್ಟು ಹೊತ್ತು ನಿಲ್ಲುತ್ತಾರೆ, ಅದಕ್ಕೆ ಇನ್ನೊಂದು ಕೌಂಟರ್ ಯಾವಾಗ ತೆರೆಯಬೇಕು, ಇಂಥದ್ದು. ಅದು ನಿಮಗೆ ಗೊತ್ತಿರುವಷ್ಟು ಮ್ಯಾನೇಜರಿಗೂ ಗೊತ್ತಿರಲ್ಲ, ಅಲ್ವಾ? ಮೀಟಿಂಗ್ ಶುರುವಾದ ಕೂಡಲೇ ಹೇಳಿಬಿಡಿ, ಕೊನೇವರೆಗೂ ಕಾದರೆ ಗಂಟಲು ಇನ್ನೂ ಒಣಗುತ್ತೆ. ನೀವು ಹೇಳಿದ್ದನ್ನೇ ಬೇರೆಯವರು ತಮ್ಮದು ಅನ್ನೋ ಹಾಗೆ ಹೇಳಿದರೆ, "ಹೌದು ಸರ್, ನಾನು ಆಗಲೇ ಹೇಳಿದ್ದು ಇದನ್ನೇ" ಅಂತ ನಗುತ್ತಲೇ ಹೇಳಿ. ಜಗಳ ಬೇಡ, ಸುಮ್ಮನಿರೋದೂ ಬೇಡ.

ಮನೆಯಲ್ಲಿ ಮಾತಾಡೋದು ರಿಸಲ್ಟ್ ಬಂದ ಮೇಲಲ್ಲ, ಈಗಲೇ. ಮಗಳನ್ನು ಸ್ಕೂಲಿನಿಂದ ಕರೆತರೋದು ಯಾರು, ಹುಷಾರಿಲ್ಲದ ದಿನ ರಜೆ ಹಾಕೋದು ಯಾರು ಅಂತ ಬಿಡಿಸಿ ಕೇಳಿ. "ನೋಡೋಣ ಬಿಡು" ಅನ್ನೋ ಉತ್ತರಕ್ಕೆ ಒಪ್ಪಬೇಡಿ.

ಅರ್ಜಿಗೆ ಕೊನೇ ದಿನ ಯಾವತ್ತು ಅಂತ ಇಲ್ಲೇ ಬರೆಯಿರಿ. ನನ್ನ ಹತ್ತಿರ ಇಂಟರ್‌ವ್ಯೂಗೆ ಮಾಡಿಕೊಂಡ ನೋಟ್ಸ್ ಇವೆ, ಕಳಿಸುತ್ತೇನೆ.