ದೊಡ್ಡ ಫೈಲ್ ಕಳಿಸಿದರೆ ಕರ್ನಲ್ ಪ್ಯಾನಿಕ್: ವೈಫೈ ಡ್ರೈವರ್ ಕಾರಣವಾ?

ಪ್ರಶ್ನೆ (ಮಲೆನಾಡಿಗ):
ಮಗಳ ನಾಮಕರಣದ ವಿಡಿಯೊ, 40 ಜಿಬಿ. ಲಿನಕ್ಸ್ ಲ್ಯಾಪ್‌ಟಾಪ್‌ನಿಂದ ಮನೆಯ ಇನ್ನೊಂದು ಕಂಪ್ಯೂಟರಿಗೆ ವೈಫೈನಲ್ಲಿ ಕಳಿಸುತ್ತಿದ್ದೆ. ಅರ್ಧದಲ್ಲಿ ಎಲ್ಲ ನಿಂತುಹೋಯಿತು. ಕ್ಯಾಪ್ಸ್ ಲಾಕ್ ದೀಪ ಮಾತ್ರ ಮಿಣಮಿಣ ಅನ್ನುತ್ತಿತ್ತು. ಮೂರು ಸಲ ಹೀಗೇ ಆಯಿತು. ಸುಮ್ನೆ ಬ್ರೌಸ್ ಮಾಡಿದರೆ ತೊಂದರೆ ಇಲ್ಲ. ಲಾಗ್‌ನಲ್ಲಿ ಆ ಹೊತ್ತಿನ ಒಂದು ಸಾಲೂ ಇಲ್ಲ. ಎಲ್ಲಿಂದ ಹುಡುಕಲಿ?

ಉತ್ತರ (ಕರ್ನಲ್ ಕಾಕಾ):
ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಸರಿಪಡಿಸಲಾಗದ ತಪ್ಪು ಕಂಡು ಎಲ್ಲ ನಿಲ್ಲಿಸಿಬಿಡುವುದೇ ಪ್ಯಾನಿಕ್. ಆ ದೀಪ ಮಿನುಗುವುದೇ ಪ್ಯಾನಿಕ್‌ನ ಗುರುತು. ಪ್ಯಾನಿಕ್ ಆದಮೇಲೆ ಲಾಗ್ ಡಿಸ್ಕಿಗೆ ಇಳಿಯುವುದಿಲ್ಲ, ಅದಕ್ಕೇ ಖಾಲಿ. ಪಿಸ್ಟೋರ್ ಫೋಲ್ಡರ್ (ಪ್ಯಾನಿಕ್ ಹೊತ್ತಿನ ಸಂದೇಶ ಉಳಿಯುವ ಜಾಗ) ನೋಡಿ. ಕೊನೆಯ ಸಾಲುಗಳು ಯುಇಎಫ್ಐ (ಕಂಪ್ಯೂಟರನ್ನು ಶುರುಮಾಡುವ ತಂತ್ರಾಂಶ) ಮೆಮೊರಿಯಲ್ಲಿ ಉಳಿದಿದ್ದರೆ ಅಲ್ಲಿ ಸಿಗುತ್ತವೆ. 'ಆರ್‌ಐಪಿ' ಅಂತ ಇರುವ ಸಾಲನ್ನು ಹುಡುಕಿ. ಕೋಡಿನ ಯಾವ ತುಣುಕಿನಲ್ಲಿ, ಅಂದರೆ ಯಾವ ಫಂಕ್ಷನ್‌ನಲ್ಲಿ ಬಿತ್ತು, ಪಕ್ಕದ ಚೌಕ ಕಂಸದಲ್ಲಿ ಯಾವ ಮಾಡ್ಯೂಲ್ (ಡ್ರೈವರ್‌ನಂತೆ ಕರ್ನಲ್‌ಗೆ ಸೇರಿಸುವ ಭಾಗ), ಎರಡೂ ಇರುತ್ತವೆ. ಅದೇ ಸಂದೇಶದಲ್ಲಿ 'ಟೇಂಟೆಡ್' ಪದದ ಮುಂದೆ 'ಓ' ಇದ್ದರೆ ಕರ್ನಲ್ ಜೊತೆ ಬರದ, ಹೊರಗಿನಿಂದ ಹಾಕಿದ ಮಾಡ್ಯೂಲ್ ಇದೆ ಅಂತ ಅರ್ಥ.

ಉತ್ತರ (ರಾತ್ರಿಪಾಳಿ):
ಒಂದೇ ಸಲ ನೋಡಿ ಡ್ರೈವರ್ ಮೇಲೆ ತಪ್ಪು ಹೊರಿಸಬೇಡಿ. ಪ್ರತಿಸಲ ಬೇರೆಬೇರೆ ಫಂಕ್ಷನ್ ಬಂದರೆ ರ‍್ಯಾಮ್ ಮೇಲೂ ಅನುಮಾನ ಪಡಬೇಕು. ಮೆಮ್‌ಟೆಸ್ಟ್ ಎಂಬ ಮೆಮೊರಿ ಪರೀಕ್ಷೆ ರಾತ್ರಿಯಿಡೀ ಓಡಿಸಿ. ಪಿಸ್ಟೋರ್ ಖಾಲಿಯಿದ್ದರೆ ಕೆಡಂಪ್ ಹಾಕಿ, ಪ್ಯಾನಿಕ್ ಆದಾಗಿನ ಮೆಮೊರಿಯನ್ನು ಅದು ಉಳಿಸಿಕೊಡುತ್ತದೆ. ನೆಟ್‌ಕನ್ಸೋಲ್ (ಕರ್ನಲ್ ಸಂದೇಶವನ್ನು ನೆಟ್‌ವರ್ಕ್ ಮೂಲಕ ಇನ್ನೊಂದು ಕಂಪ್ಯೂಟರಿಗೆ ಕಳಿಸುವ ವ್ಯವಸ್ಥೆ) ಇಲ್ಲಿ ನಂಬಬೇಡಿ. ಬೀಳುತ್ತಿರುವುದೇ ನೆಟ್‌ವರ್ಕ್ ಅಲ್ವಾ, ಸುದ್ದಿ ಹೊರಗೆ ಹೋಗುವುದು ಹೇಗೆ?

ಮಲೆನಾಡಿಗ:
ಸಿಕ್ಕಿತು! ಮೂರು ಸಲವೂ ಒಂದೇ ಫಂಕ್ಷನ್, ಒಂದೇ ವೈಫೈ ಮಾಡ್ಯೂಲ್, 'ಓ' ಕೂಡ ಇದೆ. ವೇಗ ಜಾಸ್ತಿ ಸಿಗಲಿ ಅಂತ ಹೋದ ತಿಂಗಳು ನಾನೇ ಕಂಪೈಲ್ ಮಾಡಿ ಹಾಕಿದ ಡ್ರೈವರ್ ಅದು. ತೆಗೆದು ಕರ್ನಲ್‌ನದ್ದನ್ನೇ ಹಾಕಿದೆ. ವಿಡಿಯೊ ಪೂರ್ತಿ ಹೋಯಿತು. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮೆಮ್‌ಟೆಸ್ಟನ್ನೂ ಇವತ್ತು ರಾತ್ರಿ ಓಡಿಸುತ್ತೇನೆ.