‘ಬೀರು’ ಎಲ್ಲಿಂದ ಬಂತು?

ಅಜ್ಜಿಯ ಕೋಣೆಯಲ್ಲಿ ಕನ್ನಡಿ ಬಾಗಿಲಿನ ಕಬ್ಬಿಣದ ಬೀರು ಇತ್ತು. ಹಿಡಿ ತಿರುಗಿಸಿದರೆ ಕಟಕ್ಕೆಂದು ಸದ್ದಾಗಿ, ರೇಷ್ಮೆ ಸೀರೆಗಳ ನಡುವಿನಿಂದ ನುಸಿಗುಳಿಗೆಯ ವಾಸನೆ ಬರುತ್ತಿತ್ತು. ‘ಎಳ್ಳು ಬೀರು’, ‘ನಗೆ ಬೀರು’ ಎನ್ನುವಾಗಿನ ಬೀರು ನಮ್ಮದೇ ಕ್ರಿಯಾಪದ. ಇದಕ್ಕೂ ಅದಕ್ಕೂ ನಂಟಿಲ್ಲ. ಸೀರೆ ಇಡುವ ಬೀರು ಫ್ರೆಂಚಿನ ‘ಬ್ಯೂರೋ’. ಪತ್ರಿಕೆಗಳಲ್ಲಿ ‘ದೆಹಲಿ ಬ್ಯೂರೋ’ ಎಂದು ಓದುತ್ತೇವಲ್ಲ, ಅದೇ ಪದ ಇನ್ನೊಂದು ದಾರಿಯಿಂದ ಮತ್ತೆ ಕನ್ನಡಕ್ಕೆ ಬಂದಿದೆ.

ಹಳೆಯ ಫ್ರೆಂಚಿನಲ್ಲಿ ‘ಬ್ಯೂರೆಲ್’ ಎಂದರೆ ಒರಟು ಉಣ್ಣೆಬಟ್ಟೆ. ಹಣ ಎಣಿಸುವ, ಲೆಕ್ಕ ಬರೆಯುವ ಮೇಜಿನ ಮೇಲೆ ಅದನ್ನು ಹಾಸುತ್ತಿದ್ದರು. ಹಾಸಿನ ಹೆಸರು ಮೇಜಿಗೆ ಅಂಟಿತು, ಮೇಜಿನದು ಕೋಣೆಗೆ, ಕೋಣೆಯದು ಇಲಾಖೆಗೆ. 18ನೆಯ ಶತಮಾನದಲ್ಲಿ ಫ್ರಾನ್ಸಿನ ವಾಣಿಜ್ಯಾಧಿಕಾರಿ ವಿನ್ಸೆಂಟ್ ಡಿ ಗೂರ್ನೆ ಇದಕ್ಕೆ ಗ್ರೀಕಿನ ‘ಆಳ್ವಿಕೆ’ಯನ್ನು ಜೋಡಿಸಿ ‘ಬ್ಯೂರೋಕ್ರಸಿ’ ಎಂದ; 1764ರ ಪತ್ರವೊಂದರಲ್ಲಿ ಪ್ಯಾರಿಸ್ಸಿನಲ್ಲಿದ್ದ ಜರ್ಮನ್ ಲೇಖಕ ಬ್ಯಾರನ್ ಗ್ರಿಮ್ ಅದನ್ನು ದಾಖಲಿಸಿದ್ದಾನೆ. ಮೇಜಿನ ಆಳ್ವಿಕೆ! ನಮ್ಮ ‘ಅಧಿಕಾರಶಾಹಿ’ಯಲ್ಲಿ ಆ ಮೇಜು ಕಾಣುವುದಿಲ್ಲ ಎಂಬುದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಯುರೋಪಿನ ಒಂದೊಂದು ಭಾಷೆಯೂ ಈ ಸರಪಳಿಯ ಬೇರೆ ಬೇರೆ ಕೊಂಡಿಯನ್ನು ಹಿಡಿದಿದೆ. ಜರ್ಮನ್ನಿನ ‘ಬ್ಯೂರೋ’ ಕಚೇರಿ ಮಾತ್ರ. ಪೋಲಿಷ್‌ನಲ್ಲಿ ‘ಬ್ಯೂರೊ’ ಕಚೇರಿ, ಅದರ ಕಿರುರೂಪ ‘ಬ್ಯುರ್ಕೊ’ ಬರೆಯುವ ಮೇಜು. ಸ್ವೀಡಿಷರ ‘ಬೀರೊ’ ಕಚೇರಿಯೂ ಹೌದು, ಬಟ್ಟೆ ಇಡುವ ಸೆಳೆಖಾನೆಗಳ (ಡ್ರಾಯರ್‌ಗಳ) ಪೆಟ್ಟಿಗೆಯೂ ಹೌದು. ಬ್ರಿಟನ್ನಿನಲ್ಲಿ ಅದು ಮುಚ್ಚಳವಿರುವ ಬರೆಯುವ ಮೇಜಾದರೆ, ಅಮೆರಿಕದಲ್ಲಿ ಮಲಗುವ ಕೋಣೆಯ ಬಟ್ಟೆಪೆಟ್ಟಿಗೆ. ನಮ್ಮ ಬೀರು ಈ ಕೊನೆಯದಕ್ಕೆ ಹತ್ತಿರ. ತಮಿಳಿನ ‘ಪೀರೋ’ ಕೂಡ ಹಾಗೆಯೇ.

ಇಂಥದ್ದೇ ಇನ್ನೊಂದು ಪಯಣ ನಮಗೆ ಪರಿಚಿತ. ಗ್ರೀಕಿನಲ್ಲಿ ‘ಡಿಫ್ತೆರ’ ಎಂದರೆ ತೊಗಲು. ತೊಗಲಿನ ಮೇಲೆ ಬರೆಯುತ್ತಿದ್ದುದರಿಂದ ಅದು ಪಾರ್ಸಿಯಲ್ಲಿ ‘ದಫ್ತರ್’ ಆಗಿ ಲೆಕ್ಕದ ಪುಸ್ತಕವಾಯಿತು, ಹಿಂದಿಯಲ್ಲಿ ಕಚೇರಿಯಾಯಿತು. ಕನ್ನಡದ ‘ದಫ್ತರು’ ಕಡತದ ಕಟ್ಟಿನಲ್ಲೇ ನಿಂತಿತು. ಅಲ್ಲಿ ಉಣ್ಣೆ, ಇಲ್ಲಿ ತೊಗಲು. ಎರಡೂ ಕಚೇರಿಯ ಬಾಗಿಲಿಗೇ ಹೋಗಿ ಮುಟ್ಟಿದವು.

ಬಲ್ಲವರಲ್ಲಿ ನನ್ನ ಪ್ರಶ್ನೆ ಇಷ್ಟು: ಬರೆಯುವ ಮೇಜನ್ನೋ ಸೆಳೆಖಾನೆಗಳ ಪೆಟ್ಟಿಗೆಯನ್ನೋ ‘ಬೀರು’ ಎಂದು ಕರೆದ ಹಿರಿಯರು ನಿಮ್ಮ ಕಡೆ ಇದ್ದಾರೆಯೇ? ಹಾಗಿದ್ದರೆ ಮೇಜು ಎದ್ದು ನಿಂತು ಎರಡು ಬಾಗಿಲಿನ ಕಪಾಟಾದದ್ದು ಕನ್ನಡ ನೆಲದಲ್ಲೇ ಇರಬಹುದು. ಊರು, ವಸ್ತುವಿನ ಆಕಾರ, ಹೇಳಿದವರ ವಯಸ್ಸು ಮೂರನ್ನೂ ದಯವಿಟ್ಟು ತಿಳಿಸಿ.